ಲೆಕ್ಕದೊಳಗೆ ಅಲೆ ಹುಚ್ಚೇಳುವುದು ಯಾಕೆ?

ಮಡಿಕೇರಿಯಿಂದ ಭಾಗಮಂಡಲದ ಕಡೆ ಹೊರಟರೆ ಒಂದು ತಿರುವಿನಲ್ಲಿ ಇದ್ದ ಮೊಬೈಲ್ ಸಿಗ್ನಲ್ ಮುಂದಿನ ತಿರುವಿನಲ್ಲಿ ಮಾಯ. ಗುಡ್ಡ ಅಡ್ಡ ಬರುತ್ತದೆ. ಮಳೆಗಾಲದಲ್ಲಿ ತೋಟದ ಒದ್ದೆ ಎಲೆಗಳೂ ಅಲೆಯನ್ನು ಹೀರುತ್ತವೆ. ಕಾರಣ ಹೇಳುವುದು ಸುಲಭ. ಅದೇ ಅಲೆ ಕ್ಷಣಕ್ಷಣಕ್ಕೂ ಹೇಗೆ ಸಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದೇ ಕಷ್ಟ. ವಿದ್ಯುತ್ ಕ್ಷೇತ್ರ, ಕಾಂತಕ್ಷೇತ್ರ ಸೇರಿ ಅಲೆಯಾಗಿ ಸಾಗುವುದನ್ನು ಹೇಳುವ ಸಮೀಕರಣಗಳನ್ನು ಮ್ಯಾಕ್ಸ್‌ವೆಲ್ ಪ್ರಕಟಿಸಿದ್ದು 1865ರಲ್ಲಿ. ಇಂಥ ಲೆಕ್ಕಕ್ಕೆ ಈಗಲೂ ಬಳಕೆಯಲ್ಲಿರುವ ದಾರಿಯನ್ನು ಕೇನ್ ಯೀ ತೋರಿಸಿದ್ದು 1966ರಲ್ಲಿ.

ಯೀ ಜಾಗವನ್ನು ಪುಟ್ಟ ಡಬ್ಬಿಗಳಾಗಿ ಹಂಚಿದರು. ವಿದ್ಯುತ್ ಕ್ಷೇತ್ರವನ್ನು ಡಬ್ಬಿಯ ಅಂಚುಗಳಲ್ಲಿ ಇಟ್ಟರು, ಕಾಂತಕ್ಷೇತ್ರವನ್ನು ಮುಖಗಳ ಮಧ್ಯದಲ್ಲಿ. ಕಾಲವನ್ನೂ ಪುಟ್ಟ ಹೆಜ್ಜೆಗಳಾಗಿ ಹಂಚಿದರು; ಅಲ್ಲೂ ಇವೆರಡರ ನಡುವೆ ಅರ್ಧ ಹೆಜ್ಜೆ ಅಂತರ. ಒಂದರಿಂದ ಇನ್ನೊಂದನ್ನು ಕಂಡುಕೊಳ್ಳುತ್ತಾ ಮುಂದೆ ಹೋಗುವುದು, ಅಷ್ಟೇ. ಇಷ್ಟು ಸರಳವಾದದ್ದು ಮೊದಲೇ ಯಾರಿಗೂ ಹೊಳೆಯಲಿಲ್ಲವೇ ಅನ್ನಿಸುತ್ತದೆ.

ತೊಡಕು ಇರುವುದು ಕಾಲದ ಹೆಜ್ಜೆಯಲ್ಲಿ. ಅದು ಮಿತಿ ಮೀರಿದರೆ ಸಣ್ಣ ತಪ್ಪು ಪ್ರತಿ ಹೆಜ್ಜೆಗೂ ಬೆಳೆದು ಉತ್ತರ ಅರ್ಥವಿಲ್ಲದ ಭಾರೀ ಸಂಖ್ಯೆಯಾಗುತ್ತದೆ. ಪ್ರೋಗ್ರಾಮಿನಲ್ಲಿ ದೋಷ ಹುಡುಕಿದರೆ ಸಿಗುವುದಿಲ್ಲ. ಗಣಿತಜ್ಞರಾದ ಕೂರಂಟ್, ಫ್ರೀಡ್ರಿಕ್ಸ್, ಲೆವಿ 1928ರಲ್ಲೇ, ಅಂದರೆ ಕಂಪ್ಯೂಟರ್ ಬರುವ ಮೊದಲೇ, ಇದರ ಮೂಲ ಹೇಳಿದ್ದರು: ಒಂದು ಹೆಜ್ಜೆಯಲ್ಲಿ ನಿಜವಾದ ಅಲೆ ಲೆಕ್ಕದ ಕೈಗೆ ಸಿಗದಷ್ಟು ದೂರ ಓಡಬಾರದು. ಯೀ ಅವರ 1966ರ ಲೇಖನದಲ್ಲಿ ಈ ಮಿತಿಯೇ ಸರಿಯಾಗಿರಲಿಲ್ಲ. ಟ್ಯಾಫ್ಲೋವ್ ಮತ್ತು ಬ್ರಾಡ್ವಿನ್ ಅದನ್ನು ಸರಿಪಡಿಸಿದ್ದು 1975ರಲ್ಲಿ.

ಮಿತಿ ಎಷ್ಟು ಬಿಗಿ ನೋಡಿ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂ.ಮೀ. ಡಬ್ಬಿ ಅದರ ಹತ್ತನೇ ಒಂದು ಭಾಗ ಇರಲಿ. ಆಗ ಹೆಜ್ಜೆ ಸುಮಾರು 0.06 ನ್ಯಾನೊಸೆಕೆಂಡ್ ದಾಟುವಂತಿಲ್ಲ. ಉದ್ದ, ಅಗಲ, ಎತ್ತರ ನೂರು ನೂರು ಮೀಟರ್ ಇರುವ ತೋಟದ ತುಂಡಿಗೇ 2,700 ಕೋಟಿ ಡಬ್ಬಿ ಬೇಕು! ಡಬ್ಬಿಯ ಅಳತೆ ಅರ್ಧ ಮಾಡಿದರೆ ಡಬ್ಬಿಗಳು ಎಂಟು ಪಟ್ಟು, ಹೆಜ್ಜೆಗಳು ಎರಡು ಪಟ್ಟು, ಒಟ್ಟು ಕೆಲಸ 16 ಪಟ್ಟು. ತಡಿಯಂಡಮೋಳ್ ಬೆಟ್ಟಕ್ಕೆ ಇದನ್ನು ಹಚ್ಚುವುದು ಸುಮ್ನೆ ಮಾತು. ಆಂಟೆನಾ, ಫೋನ್ ಹಿಡಿದ ಕೈ, ಇಂಥದ್ದಕ್ಕೆ ಸರಿ.

ಲೆಕ್ಕ ಹಾಕುವ ಜಾಗದ ಅಂಚಿಗೆ ಬಡಿದ ಅಲೆ ವಾಪಸ್ ಬರುವ ಕಾಟವೂ ಇತ್ತು. 1994ರಲ್ಲಿ ಬೆರೆಂಜೆ ಅಲೆಯನ್ನು ನುಂಗುವ ಪದರ ಕಂಡುಹಿಡಿದ ಮೇಲೆ ಅದು ಬಹುಪಾಲು ತಗ್ಗಿತು.

ಕಾಲದ ಮಿತಿಯನ್ನೇ ಕಳಚುವ ದಾರಿ ಬಂದದ್ದು ಹಳೆಯ ಲೆಕ್ಕದಿಂದ. ಶಾಖ ಹರಡುವಂಥ ಸಮಸ್ಯೆಗಳಿಗೆ ಪೀಸ್‌ಮನ್ ಮತ್ತು ರ್ಯಾಚ್‌ಫೋರ್ಡ್ 1955ರಲ್ಲಿ ಒಂದು ಉಪಾಯ ಹೇಳಿದ್ದರು: ಒಂದೊಂದೇ ದಿಕ್ಕಿನಲ್ಲಿ ಸಮೀಕರಣಗಳನ್ನು ಒಟ್ಟಿಗೆ ಬಿಡಿಸುವುದು. 1999ರಲ್ಲಿ ನಮಿಕಿ ಅದನ್ನು ಎರಡು ಆಯಾಮದ ಅಲೆಗೆ ತಂದರು. ಮರುವರ್ಷ ಮೂರು ಆಯಾಮಕ್ಕೂ ಬಂತು. ಈಗ ಹೆಜ್ಜೆ ಎಷ್ಟು ದೊಡ್ಡದಾದರೂ ಸಂಖ್ಯೆ ಸ್ಫೋಟಿಸುವುದಿಲ್ಲ. ಆದರೆ ಸ್ಫೋಟಿಸದ ಉತ್ತರ ಸರಿಯಾದ ಉತ್ತರ ಆಗಲೇಬೇಕಿಲ್ಲ ಅಲ್ವಾ? ಹೆಜ್ಜೆ ದೊಡ್ಡದಾದಷ್ಟೂ ಅಲೆಯ ವೇಗ ತಪ್ಪಾಗಿ ಬರುತ್ತದೆ. ಆಂಟೆನಾದ ಒಂದು ತೆಳು ತಂತಿಗಾಗಿ ಮಾತ್ರ ಡಬ್ಬಿಗಳನ್ನು ತೀರಾ ಚಿಕ್ಕದು ಮಾಡಬೇಕಾದ ಕಡೆ ಈ ದಾರಿ ಲಾಭ. ಉಳಿದ ಕಡೆ ಯೀ ದಾರಿಯೇ ಅಗ್ಗ.