ಮಗು ಬಾಯಿಬಿಟ್ಟಾಗ ಟೀಚರ್ ಏನು ಮಾಡಬೇಕು? ಮಕ್ಕಳ ರಕ್ಷಣೆ ಪಾಠದ ಟಿಪ್ಪಣಿ

ಈ ಪಾಠದಲ್ಲಿ ಕಾಯ್ದೆ, ಇಸವಿ, ಕಲಂ ಜಾಸ್ತಿ. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನ ಒಂದೂ ನೆನಪಿರಲ್ಲ. ಅದಕ್ಕೇ ನಮ್ಮ ಯಾದಗಿರಿ ಜಿಲ್ಲೆಯದ್ದೇ ಒಂದು ಉದಾಹರಣೆ ಇಟ್ಟುಕೊಂಡು ಓದೋಣ.

ಸುರಪುರ ಕಡೆಯ ಒಂದು ಊರು ಅಂದುಕೊಳ್ಳಿ. ಹತ್ತಿ ಬಿಡಿಸುವ ಕಾಲ, ನಾಲ್ಕನೇ ತರಗತಿ ಅರ್ಧ ಖಾಲಿ. ಒಬ್ಬ ಹುಡುಗಿಯ ಅಪ್ಪ ಅವ್ವ ಬೆಂಗಳೂರಿಗೆ ದುಡಿಯಲು ಹೋಗಿದ್ದಾರೆ. ಅವಳು ಅಜ್ಜಿಯ ಹತ್ತಿರ ಇದ್ದಾಳೆ. ತಲೆಗೆ ಎಣ್ಣೆ ಇಲ್ಲ, ವಾರದಿಂದ ಕೆಮ್ಮು. ಇದು ನಿರ್ಲಕ್ಷ್ಯವಾ?

ಅವಸರ ಬೇಡ. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಶಿಕ್ಷೆ ಹೇಳುವುದು ಮಗುವನ್ನು ಹೊಡೆದು ಬಡಿದು ಹಿಂಸಿಸುವವರಿಗೆ, ಬೇಕಂತಲೇ ಕಡೆಗಣಿಸುವವರಿಗೆ. ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಕಣ್ಣು ಸರಿಯಾಗಿ ಕಾಣದ ಅಜ್ಜಿ ಆ ಸಾಲಿನವಳಲ್ಲ. ಬಡತನವನ್ನು ಅಪರಾಧ ಅಂತ ಬರೆದರೆ ಉತ್ತರವೂ ತಪ್ಪು, ಮಗುವಿಗೂ ಉಪಯೋಗವಿಲ್ಲ. ಇಲ್ಲಿ ಮೊದಲು ಬೇಕಾದ್ದು ಆಶಾ ಕಾರ್ಯಕರ್ತೆಗೆ ಒಂದು ಮಾತು, ಬೆಂಗಳೂರಿಗೆ ಒಂದು ಫೋನು.

ಈಗ ಅದೇ ಹುಡುಗಿ ಊಟದ ಹೊತ್ತಿನಲ್ಲಿ ಹತ್ತಿರ ಬಂದು, "ಟೀಚರ್, ಆ ಮಾಮಾ ಮನೀಗಿ ಬಂದ್ರ ನಂಗ ಅಂಜಿಕಿ ಬರ್ತದ, ಮೈ ಮುಟ್ತಾನ" ಅಂತಾಳೆ. ಇಲ್ಲಿಂದ ದಾರಿಯೇ ಬೇರೆ. "ಯಾವಾಗ? ಎಲ್ಲಿ? ಎಷ್ಟು ಸಲ?" ಅಂತ ಜಗ್ಗಿ ಜಗ್ಗಿ ಕೇಳಬಾರದು, ಅದು ತನಿಖೆಯವರ ಕೆಲಸ. "ಯಾರಿಗೂ ಹೇಳಲ್ಲ" ಅಂತ ಮಾತು ಕೊಡಲೂಬಾರದು, ಯಾಕಂದ್ರೆ ಹೇಳಲೇಬೇಕಾಗುತ್ತದೆ. "ನೀ ಹೇಳಿದ್ದು ಚಲೋ ಆತು, ಇದ್ರಾಗ ನಿಂದೇನೂ ತಪ್ಪಿಲ್ಲ" ಅಂದರೆ ಸಾಕು. ಆಮೇಲೆ ಅವಳು ಆಡಿದ ಮಾತನ್ನು ಅವಳ ಭಾಷೆಯಲ್ಲೇ ಬರೆದಿಡಿ. ತಿದ್ದಿ ಗ್ರಂಥದ ಕನ್ನಡ ಮಾಡಬೇಡಿ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡಲು ಇರುವ 2012ರ ಪೋಕ್ಸೋ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಬೇಕು. ನಮ್ಮಲ್ಲಿ ಬಹಳ ಜನ "ಖಾತ್ರಿ ಆಗಲಿ, ನೋಡೋಣ" ಅಂತ ಕೂರುವುದು ಇಲ್ಲೇ. ಸಾಬೀತು ಮಾಡುವ ಹೊಣೆ ನಮ್ಮದಲ್ಲ. ಒಳ್ಳೆಯ ಉದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕುವ ಹಾಗೂ ಇಲ್ಲ. ಮುಚ್ಚಿಟ್ಟರೆ ಮಾತ್ರ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ ಆಗಬಹುದು. ಊರ ಹಿರಿಯರು ಕಟ್ಟೆ ಮೇಲೆ ಕೂತು "ಮರ್ಯಾದೆ ಪ್ರಶ್ನೆ, ರಾಜಿ ಮಾಡಿಬಿಡೋಣ" ಅಂದರೂ ಆ ರಾಜಿಗೆ ಕಾನೂನಿನಲ್ಲಿ ಬೆಲೆಯಿಲ್ಲ.

ಎಲ್ಲಿಗೆ ಹೇಳಬೇಕು ಅಂತ ತೋಚದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು.

ತಡೆಗಟ್ಟುವ ಕ್ರಮಗಳಿಗೆ ಮಕ್ಕಳ ಗ್ರಾಮಸಭೆ, ಶಾಲೆಯ ದೂರು ಪೆಟ್ಟಿಗೆ, ಸುರಕ್ಷಿತ ಸ್ಪರ್ಶದ ಪಾಠ, ಇಷ್ಟು ಬರೆದರೆ ಅಂಕ ಬರುತ್ತದೆ. ಪೆಟ್ಟಿಗೆಯ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದನ್ನು ಯಾರೂ ಕೇಳಲ್ಲ, ಅಲ್ವಾ?

ಅಜ್ಜಿಗೆ ಮಾತ್ರ ಬೇರೆಯದೇ ಭಯ ಇರುತ್ತದೆ: ಪೊಲೀಸರು ಮನೆಗೆ ಬಂದರೆ ಊರೆಲ್ಲ ನೋಡುತ್ತದೆ, ಪೇಪರಿನಲ್ಲಿ ಹೆಸರು ಬರುತ್ತದೆ ಅಂತ. ಅವಳಿಗೆ ಬಿಡಿಸಿ ಹೇಳಿ. ಹೇಳಿಕೆ ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ಆದಷ್ಟು ಮಟ್ಟಿಗೆ ಮಹಿಳೆಯೇ ಆಗಿರಬೇಕು. ಮಗುವನ್ನು ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ವಿಶೇಷ ನ್ಯಾಯಾಲಯ ಒಪ್ಪದೆ ಪತ್ರಿಕೆಯಾಗಲಿ ಟಿವಿಯಾಗಲಿ ಹೆಸರು, ಫೋಟೊ, ವಿಳಾಸ, ಶಾಲೆ ಯಾವುದನ್ನೂ ಹೊರಗೆ ಹಾಕುವಂತಿಲ್ಲ. ನಾವೂ ಅಷ್ಟೇ, ಶಿಕ್ಷಕರ ವಾಟ್ಸಾಪ್ ಗ್ರೂಪಿನಲ್ಲಿ ಇದರ ಸುದ್ದಿ ಎತ್ತಬಾರದು.