ಗ್ರೀಸ್ ಅಂತರ್ಯುದ್ಧ: ಶುರುವಾಗಿದ್ದು 1946ರಲ್ಲಾ, 1944ರಲ್ಲಾ?

ಗೈಡ್‌ಗಳಲ್ಲಿ ಈ ಪಾಠಕ್ಕೆ ಸಿಗುವುದು ಒಂದೇ ಸಾಲು: 1946–49, ಕಮ್ಯುನಿಸ್ಟರು ಸೋತರು, ಟ್ರೂಮನ್ ಸಿದ್ಧಾಂತ (ಕಮ್ಯುನಿಸಂ ತಡೆಯಲು ಬೇರೆ ದೇಶಗಳಿಗೆ ನೆರವು ಕೊಡುವ ಅಮೆರಿಕ ಅಧ್ಯಕ್ಷನ ನೀತಿ) ಬಂತು. ನಾನೂ ಹಾಗೇ ಬಾಯಿಪಾಠ ಮಾಡಿದ್ದೆ. ಆದರೆ ಜರ್ಮನ್ನರು ಅಥೆನ್ಸ್ ಬಿಟ್ಟಿದ್ದು 1944ರ ಅಕ್ಟೋಬರ್‌ನಲ್ಲಿ. ಎರಡು ತಿಂಗಳೂ ಆಗಿರಲಿಲ್ಲ, ಅದೇ ಊರಿನಲ್ಲಿ ಗ್ರೀಕರು ಗ್ರೀಕರ ಮೇಲೆ ಗುಂಡು ಹಾರಿಸುತ್ತಿದ್ದರು. ಹಾಗಾದರೆ ಈ 1946 ಎಲ್ಲಿಂದ ಬಂತು?

ಮೊದಲು ಹಿಂದಿನ ಕಥೆ. 1941ರ ಏಪ್ರಿಲ್‌ನಲ್ಲಿ ಜರ್ಮನ್ ಸೇನೆ ಬಂದಾಗ ರಾಜ ಎರಡನೇ ಜಾರ್ಜ್ ಮತ್ತವನ ಸರ್ಕಾರ ದೇಶ ಬಿಟ್ಟು ಹೋದರು. ಆ ಚಳಿಗಾಲದಲ್ಲಿ ಅಥೆನ್ಸ್‌ನ ಬೀದಿಗಳಲ್ಲಿ ಜನ ಹಸಿವಿನಿಂದ ಸತ್ತರು. ಉಳಿದವರನ್ನು ಒಟ್ಟುಗೂಡಿಸಿದ್ದು ಕಮ್ಯುನಿಸ್ಟರ ಮುಂದಾಳತ್ವದ ಪ್ರತಿರೋಧ ಸಂಘಟನೆ 'ಇಯಾಮ್'. ಅದರ ಗೆರಿಲ್ಲಾ ಪಡೆಯೇ 'ಎಲಾಸ್'. ಬೆಟ್ಟದ ಹಳ್ಳಿಗಳಲ್ಲಿ ನ್ಯಾಯ ಪಂಚಾಯಿತಿ ನಡೆಸಿದ್ದೂ ಇವರೇ, ಹೆಂಗಸರಿಗೆ ಮತ ಹಾಕಲು ಬಿಟ್ಟಿದ್ದೂ ಇವರೇ. ಇವರನ್ನು ಹತ್ತಿಕ್ಕಲು ಜರ್ಮನ್ನರ ಕೈಗೊಂಬೆ ಸರ್ಕಾರ ಗ್ರೀಕರಿಂದಲೇ 'ಭದ್ರತಾ ಬೆಟಾಲಿಯನ್' ಕಟ್ಟಿತು. ಇದನ್ನು ಅಂಡರ್‌ಲೈನ್ ಮಾಡಿಕೊಳ್ಳಿ, ಮುಂದಿನ ಸಿಟ್ಟಿಗೆಲ್ಲ ಬೇರು ಇಲ್ಲೇ ಇದೆ.

ಇನ್ನೊಂದು ಕಡೆ, 1944ರ ಅಕ್ಟೋಬರ್ 9ರಂದು ಮಾಸ್ಕೋದಲ್ಲಿ ಚರ್ಚಿಲ್ ಒಂದು ಚೀಟಿ ಬರೆದು ಸ್ಟಾಲಿನ್ ಮುಂದೆ ತಳ್ಳಿದ: ಗ್ರೀಸ್‌ನಲ್ಲಿ ಬ್ರಿಟನ್‌ಗೆ ನೂರಕ್ಕೆ 90 ಪಾಲು ಪ್ರಭಾವ. ಸ್ಟಾಲಿನ್ ನೀಲಿ ಪೆನ್ಸಿಲ್‌ನಲ್ಲಿ ಟಿಕ್ ಹಾಕಿದ. ಗ್ರೀಕ್ ಕಮ್ಯುನಿಸ್ಟರಿಗೆ ಇದರ ಸುಳಿವೇ ಇರಲಿಲ್ಲ.

ಡಿಸೆಂಬರ್‌ನಲ್ಲಿ ಎಲಾಸ್ ಆಯುಧ ಕೆಳಗಿಡಬೇಕು ಎಂಬ ಜಗಳ ಎದ್ದಿತು. ಹೊಸ ಸರ್ಕಾರದಲ್ಲಿದ್ದ ಇಯಾಮ್ ಮಂತ್ರಿಗಳು ರಾಜೀನಾಮೆ ಕೊಟ್ಟರು. 3ನೇ ತಾರೀಖು ಅಥೆನ್ಸ್‌ನ ಸಿಂಟಗ್ಮಾ ಚೌಕದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ಬೀದಿ ಕಾಳಗ. ಸರ್ಕಾರದ ಪರ ಬ್ರಿಟಿಷ್ ಸೇನೆ ನಿಂತಿತು. ಆಗ ಗ್ರೀಸ್‌ಗೆ ಬಂದಿದ್ದ ಪಡೆಗಳಲ್ಲಿ 4ನೇ ಇಂಡಿಯನ್ ಡಿವಿಷನ್ ಕೂಡ ಇತ್ತು. ತಮಗೇ ಇನ್ನೂ ಸ್ವಾತಂತ್ರ್ಯ ಸಿಗದ ನಮ್ಮ ಸೈನಿಕರು ಸ್ವತಂತ್ರವಾದ ದೇಶವನ್ನು ಕಾಯಲು ಹೋಗಿದ್ದರು, ನೋಡಿ! ಸ್ಟಾಲಿನ್ ತುಟಿ ಬಿಚ್ಚಲಿಲ್ಲ. ಎಲಾಸ್‌ಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಬೇರೆ: ಜರ್ಮನ್ನರ ಕೈಯಿಂದ ಬಂದೂಕು ಪಡೆದಿದ್ದ ಅದೇ ಬೆಟಾಲಿಯನ್‌ನವರು ಈಗ ಸರ್ಕಾರಿ ಪಡೆಯ ಸಮವಸ್ತ್ರದಲ್ಲಿ ಎದುರು ನಿಂತಿದ್ದರು.

1945ರ ಫೆಬ್ರವರಿ 12ರ ವಾರ್ಕಿಝಾ ಒಪ್ಪಂದದಲ್ಲಿ ಎಲಾಸ್ ಆಯುಧ ಒಪ್ಪಿಸಿತು. ರಾಜಕೀಯ ಅಪರಾಧಗಳಿಗೆ ಕ್ಷಮೆ ಸಿಕ್ಕಿತು, ಸಾಮಾನ್ಯ ಅಪರಾಧಗಳಿಗೆ ಇಲ್ಲ. ಓದಲು ನ್ಯಾಯವಾಗಿಯೇ ಇದೆ, ಅಲ್ವಾ? ಆದರೆ ಜರ್ಮನ್ನರ ಏಜೆಂಟನನ್ನು ಕೊಂದದ್ದು ಯಾವ ಲೆಕ್ಕ? 'ಕೊಲೆ' ಎಂದರು. ಆ ಒಂದು ಷರತ್ತಿನಲ್ಲಿ ಸಾವಿರಾರು ಜನ ಜೈಲಿಗೆ ಹೋದರು. ಹಳ್ಳಿಗಳಲ್ಲಿ ಬಲಪಂಥೀಯ ಗುಂಪುಗಳ ದಾಳಿ ಬೇರೆ. ಜನ ಮತ್ತೆ ಬೆಟ್ಟ ಹತ್ತಿದರು. 1946ರ ಮಾರ್ಚ್ ಚುನಾವಣೆಯನ್ನು ಕಮ್ಯುನಿಸ್ಟರು ಬಹಿಷ್ಕರಿಸಿದರು. ನನ್ನ ಪ್ರಕಾರ ಅದು ದೊಡ್ಡ ತಪ್ಪು, ಸಂಸತ್ತನ್ನು ಎದುರಾಳಿಗೆ ಸುಮ್ನೆ ಬಿಟ್ಟುಕೊಟ್ಟಂತಾಯಿತು. ಗೈಡ್ ಯುದ್ಧದ ಆರಂಭವೆಂದು ಎಣಿಸುವ 1946 ಇದೇ.

ಮುಂದಿನದು ನಿಮಗೆ ಗೊತ್ತೇ ಇರುತ್ತದೆ. ಕಮ್ಯುನಿಸ್ಟ್ ಮುಂದಾಳು ಮಾರ್ಕೊಸ್ ವಾಫಿಯಾದಿಸ್‌ನ ಗೆರಿಲ್ಲಾ ಸೇನೆ; ಬ್ರಿಟನ್ ಕೈಚೆಲ್ಲಿದ್ದು; 1947ರ ಮಾರ್ಚ್‌ನಲ್ಲಿ ಗ್ರೀಸ್ ಮತ್ತು ಟರ್ಕಿಗೆಂದು ಟ್ರೂಮನ್ ಕೇಳಿದ 40 ಕೋಟಿ ಡಾಲರ್. 1948ರಲ್ಲಿ ಪಕ್ಕದ ಯುಗೊಸ್ಲಾವಿಯಾದ ನಾಯಕ ಟಿಟೊಗೂ ಸ್ಟಾಲಿನ್‌ಗೂ ಮುನಿಸು ಬಂತು. ಗ್ರೀಕ್ ಪಕ್ಷ ಸ್ಟಾಲಿನ್ ಕಡೆ ವಾಲಿತು, ಮರುವರ್ಷ ಟಿಟೊ ಗೆರಿಲ್ಲಾಗಳಿಗೆ ಗಡಿ ಮುಚ್ಚಿದ. 1949ರ ಆಗಸ್ಟ್‌ನಲ್ಲಿ ಗ್ರಾಮೊಸ್ ಬೆಟ್ಟದಲ್ಲಿ ಎಲ್ಲ ಮುಗಿಯಿತು.

ಸೋತವರನ್ನು ಮಾಕ್ರೊನಿಸೊಸ್‌ನಂಥ ಬರಡು ದ್ವೀಪಗಳಿಗೆ ಹಾಕಿದರು. ಹೊರಬರಲು 'ಪಶ್ಚಾತ್ತಾಪ ಪತ್ರ'ಕ್ಕೆ ಸಹಿ ಹಾಕಬೇಕಿತ್ತು. ಅದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸಿ, ಅವರ ಊರಿನ ಚರ್ಚಿನಲ್ಲಿ ಎಲ್ಲರೆದುರು ಓದಿಸುತ್ತಿದ್ದರು.

ಸರ್ಕಾರಿ ಭಾಷೆಯಲ್ಲಿ ಇದು ದಶಕಗಳ ಕಾಲ 'ದರೋಡೆಕೋರರ ಯುದ್ಧ'ವಾಗಿತ್ತು. 'ಅಂತರ್ಯುದ್ಧ' ಎಂಬ ಹೆಸರನ್ನು ಕಾನೂನು ಒಪ್ಪಿದ್ದು 1989ರಲ್ಲಿ. ಆ ಕಾನೂನಿನಲ್ಲಿ ಇಸವಿಯೂ ಇದೆ: 1944–1949.