ಫೋರ್ಕ್ ಬೆಂಡ್ ಆಗಿದೆಯಾ, ಬರೀ ತಿರುಚಿದೆಯಾ?

ಕಳೆದ ಮಳೆಗಾಲದಲ್ಲಿ ಗೋಣಿಕೊಪ್ಪದ ಹತ್ತಿರ ತೋಟದ ಕೆಸರು ದಾರಿಯಲ್ಲಿ ನನ್ನ ಬೈಕ್ ಜಾರಿ ಚರಂಡಿಗೆ ಇಳಿಯಿತು. ಮೊಣಕೈ ತರಚಿತು, ಅಷ್ಟೇ. ಆದರೆ ಚಕ್ರ ನೇರ ಇಟ್ಟರೆ ಹ್ಯಾಂಡಲ್ ಎಡಕ್ಕೆ ನೋಡುತ್ತಿತ್ತು. ಫೋರ್ಕ್ ಹೋಯ್ತು ಅಂದುಕೊಂಡೆ. ಗ್ಯಾರೇಜಿನ ಅಣ್ಣ ಚಕ್ರದ ಆಕ್ಸಲ್ ಮತ್ತು ಫೋರ್ಕ್ ಪೈಪನ್ನು ಹಿಡಿದಿಡುವ ಕ್ಲ್ಯಾಂಪ್ ಬೋಲ್ಟ್‌ಗಳನ್ನು ಸಡಿಲ ಮಾಡಿ, ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು, ಹ್ಯಾಂಡಲ್ ಎಳೆದರು. ಹತ್ತು ನಿಮಿಷದಲ್ಲಿ ಸರಿಹೋಯಿತು. ಪೈಪ್ ಬಗ್ಗಿರಲೇ ಇಲ್ಲ, ಕ್ಲ್ಯಾಂಪಿನೊಳಗೆ ತಿರುಚಿಕೊಂಡಿತ್ತು. ಈ ಎರಡರ ವ್ಯತ್ಯಾಸ ಗೊತ್ತಿಲ್ಲದೆ ಹೊಸ ಪೈಪ್‌ಗೆ ದುಡ್ಡು ಸುರಿಯುವವರು ಜಾಸ್ತಿ. ಅದಕ್ಕೇ ಈ ಟಿಪ್ಪಣಿ.

ಫೋರ್ಕ್ ಅಂದರೆ ನಮ್ಮ ಕವೆ. ಮೇಲೆ ಒಂದು ಕಾಂಡ, ಕೆಳಗೆ ಎರಡು ಕಾಲು, ನಡುವೆ ಚಕ್ರ. ಹಳೇ ಸೈಕಲ್‌ನದು ಬರೀ ಸ್ಟೀಲ್ ಕವೆ, ಸ್ಪ್ರಿಂಗ್ ಇಲ್ಲ. ಬೈಕ್‌ನದು ಟೆಲಿಸ್ಕೋಪಿಕ್: ಕ್ರೋಮ್ ಹೊಳಪಿನ ಪೈಪ್ ಕೆಳಗಿನ ಕೇಸ್‌ನೊಳಗೆ ಜಾರುತ್ತದೆ, ಒಳಗೆ ಸ್ಪ್ರಿಂಗ್, ಆಯಿಲ್. ಆಯಿಲ್‌ನಿಂದ ಕುಲುಕಾಟ ತಡೆಯುವ ಇಂಥ ಫೋರ್ಕ್ ಹಾಕಿದ ಬೈಕನ್ನು ಮಾರುಕಟ್ಟೆಗೆ ಮೊದಲು ತಂದದ್ದು ಬಿಎಂಡಬ್ಲ್ಯು, 1935ರಲ್ಲಿ. ನಮ್ಮ ಪಕ್ಕದ ಮೈಸೂರಿನಲ್ಲಿ ತಯಾರಾದ ಯೆಜ್ಡಿಗೂ ಟೆಲಿಸ್ಕೋಪಿಕ್ಕೇ ಇತ್ತು. ಹಳೇ ಸ್ಕೂಟರ್‌ಗಳ ಲಿಂಕ್ ಮಾದರಿ ಬೇರೆ ಕಥೆ. ದುಬಾರಿ ಬೈಕ್‌ಗಳಲ್ಲಿ ಈ ಪೈಪ್ ತಲೆಕೆಳಗಾಗಿರುತ್ತದೆ: ದಪ್ಪದ ಭಾಗ ಮೇಲೆ, ಕ್ರೋಮ್ ಕೆಳಗೆ.

ಈಗ ಬಗ್ಗುವುದರ ವಿಷಯ. ಬೇಲಿ ಕಟ್ಟುವ ತಂತಿ ತಗೊಳ್ಳಿ. ಸ್ವಲ್ಪ ಬಗ್ಗಿಸಿ ಬಿಟ್ಟರೆ ವಾಪಸ್ ನೇರ ಆಗುತ್ತದೆ. ಒಂದು ಮಿತಿ ದಾಟಿದರೆ ಹಾಗೇ ಉಳಿಯುತ್ತದೆ. ಅದೇ ಜಾಗದಲ್ಲಿ ಹಿಂದೆ ಮುಂದೆ ಬಗ್ಗಿಸುತ್ತಾ ಹೋದರೆ ಗಟ್ಟಿಯಾಗಿ, ಆಮೇಲೆ ಟಪ್ ಅಂತ ಮುರಿಯುತ್ತದೆ. ಫೋರ್ಕ್‌ಗೂ ಅದೇ ನಿಯಮ. ಬೈಕ್ ಎದುರಿಗೆ ಗುದ್ದಿದಾಗ ಪೈಪ್ ಸಾಮಾನ್ಯವಾಗಿ ಕೆಳಗಿನ ಕ್ಲ್ಯಾಂಪ್‌ನ ಹತ್ತಿರವೇ ಬಗ್ಗುತ್ತದೆ. ಚಕ್ರದ ಏಟು ಉದ್ದನೆಯ ಸನ್ನೆಯಂತೆ ಅಲ್ಲಿಗೆ ಬಂದು ಒತ್ತುತ್ತದಲ್ವಾ?

ಕಾಲು ಹಿಂದಕ್ಕೆ ಬಗ್ಗಿದರೆ ಏನಾಗುತ್ತದೆ? ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಸ್ಟೀರಿಂಗ್ ಅಕ್ಷದ, ಅಂದರೆ ಹ್ಯಾಂಡಲ್ ತಿರುಗುವ ನಡುಕಾಂಡದ, ಗೆರೆಯನ್ನು ನೆಲದವರೆಗೆ ಎಳೆಯಿರಿ. ಟೈರ್ ನೆಲ ಮುಟ್ಟುವ ಜಾಗ ಅದಕ್ಕಿಂತ ಎಷ್ಟು ಹಿಂದಿದೆ ಅನ್ನುವುದೇ ಟ್ರೇಲ್. ಸೈಕಲ್ ಚಕ್ರದ ತ್ರಿಜ್ಯ 340 ಮಿ.ಮೀ., ಹೆಡ್ ಕೋನ (ಆ ಗೆರೆ ನೆಲದ ಜೊತೆ ಮಾಡುವ ಕೋನ) 72 ಡಿಗ್ರಿ, ಆಕ್ಸಲ್ ಆ ಗೆರೆಗಿಂತ 45 ಮಿ.ಮೀ. ಮುಂದಿದೆ ಅಂದುಕೊಳ್ಳಿ. ಟ್ರೇಲ್ ಸುಮಾರು 63 ಮಿ.ಮೀ. ಕಾಲು ಬಗ್ಗಿ ಆ 45 ಬರೀ 25ಕ್ಕೆ ಇಳಿದರೆ, ಕೋನ ಅಷ್ಟೇ ಇದ್ದರೂ, ಟ್ರೇಲ್ 84 ಆಗುತ್ತದೆ. ಎರಡು ಸೆಂಟಿಮೀಟರ್‌ಗೇ ಹ್ಯಾಂಡಲ್‌ನ ನಡವಳಿಕೆ ಬದಲಾಗಿ, ನಿಧಾನಕ್ಕೆ ಹೋಗುವಾಗ ಪಕ್ಕಕ್ಕೆ ಬೀಳುತ್ತಾ ಭಾರ ಅನ್ನಿಸುತ್ತದೆ. ತಿರುವಿನಲ್ಲಿ ಪೆಡಲ್ ಮೇಲಿನ ಕಾಲ್ಬೆರಳು ಮುಂದಿನ ಚಕ್ರಕ್ಕೆ ತಾಗಲೂಬಹುದು.

ಪತ್ತೆ ಮಾಡುವುದು ಹೇಗೆ? ತಿರುಚು ಮೊದಲು ಬಿಡಿಸಿ. ಆಮೇಲೆ ಆಕ್ಸಲ್ ಎಳೆಯಿರಿ. ಬೆರಳಲ್ಲೇ ಜಾರಿ ಬಂದರೆ ಒಳ್ಳೇದು, ಸುತ್ತಿಗೆ ಕೇಳಿದರೆ ಎರಡು ಕಾಲು ಸಮಾಂತರ ಇಲ್ಲ ಅನ್ನುವ ಅನುಮಾನ. ಪೈಪ್ ಬಿಚ್ಚಿದ್ದರೆ ದಪ್ಪ ಗಾಜಿನ ಮೇಲೆ ಉರುಳಿಸಿ. ಅಡಿಯಲ್ಲಿ ಬೆಳಕಿನ ಸಂದು ಬಂದು ಹೋಗಿ ಮಾಡಿದರೆ ಬೆಂಡ್. ಇನ್ನೂ ಖಚಿತ ಬೇಕಿದ್ದರೆ ವಿ ಬ್ಲಾಕ್ (ವಿ ಆಕಾರದ ಕಚ್ಚಿರುವ ಆಸರೆ) ಮೇಲಿಟ್ಟು ತಿರುಗಿಸುತ್ತಾ ಡಯಲ್ ಗೇಜ್ (ಸಣ್ಣ ಏರಿಳಿತವನ್ನೂ ಮುಳ್ಳಿನಲ್ಲಿ ತೋರಿಸುವ ಅಳತೆಗೋಲು) ಹಿಡಿಯಿರಿ. ಹಲವು ಮ್ಯಾನುಯಲ್‌ಗಳ ಮಿತಿ 0.2 ಮಿ.ಮೀ. ಗೇಜ್ ಮುಳ್ಳಿನ ಒಟ್ಟು ಓಡಾಟ ನಿಜವಾದ ಬೆಂಡ್‌ನ ಎರಡು ಪಟ್ಟು.

ಬಗ್ಗಿದ ಪೈಪನ್ನು ಪ್ರೆಸ್‌ನಲ್ಲಿ ನೇರ ಮಾಡಿಕೊಡುವವರಿದ್ದಾರೆ. ನನಗೆ ಅದು ಇಷ್ಟವಿಲ್ಲ. ಕ್ರೋಮ್ ಬಿರುಕು ಬಿಟ್ಟು ಆಯಿಲ್ ಸೀಲನ್ನು (ಆಯಿಲ್ ಹೊರಬರದಂತೆ ತಡೆಯುವ ರಬ್ಬರ್ ಬಳೆ) ಕೊರೆಯುತ್ತದೆ, ಲೋಹವೂ ಮೊದಲಿನಂತಿರುವುದಿಲ್ಲ. ಹಳೇ ಸೈಕಲ್‌ನ ಸ್ಟೀಲ್ ಫೋರ್ಕ್ ಒಂದು ಸಲ ನೇರ ಮಾಡಿ ನಿಧಾನವಾಗಿ ಓಡಿಸಬಹುದೇನೋ. ಅಲ್ಯೂಮಿನಿಯಂ ಬಗ್ಗಿದರೆ ಸುಮ್ನೆ ಎಸೆಯಿರಿ. ಕಾರ್ಬನ್ ಬಗ್ಗುವುದೇ ಇಲ್ಲ, ಸೀಳುತ್ತದೆ. ಏಟು ಬಿದ್ದರೂ ಹೊರಗಿನಿಂದ ಚೆನ್ನಾಗೇ ಕಾಣುವುದರಿಂದ ಅದೇ ಹೆಚ್ಚು ಅಪಾಯ. ಫೋರ್ಕ್ ಜೊತೆ ಫ್ರೇಮ್ ಕೂಡ ನೋಡಿ: ಹೆಡ್ ಪೈಪಿನ (ಫೋರ್ಕ್ ಕಾಂಡ ಕೂರುವ ಕೊಳವೆ) ಹಿಂದೆ, ಕೆಳಗಿನ ಟ್ಯೂಬಿನ ಬಣ್ಣ ಸುಕ್ಕುಗಟ್ಟಿದ್ದರೆ ಏಟು ಅಲ್ಲಿಗೂ ತಲುಪಿದೆ.

ನಮ್ಮ ಕಡೆ ಬೆಂಡ್ ಇಲ್ಲದೆಯೂ ಸೀಲ್ ಹೋಗುತ್ತದೆ. ತಿಂಗಳುಗಟ್ಟಲೆ ಮಳೆಗೆ ಕ್ರೋಮ್ ಮೇಲೆ ತುಕ್ಕಿನ ಚುಕ್ಕಿ ಬೀಳುತ್ತದೆ, ಅದು ಸೀಲ್‌ನ ತುಟಿಯನ್ನು ಹರಿದುಹಾಕುತ್ತದೆ. ಸೋರಿದ ಆಯಿಲ್ ಮುಂದಿನ ಬ್ರೇಕ್ ಪ್ಯಾಡ್ ಮುಟ್ಟಿತೋ, ಘಾಟಿ ಇಳಿಯುವಾಗ ಬ್ರೇಕ್ ಕೈ ಕೊಡುತ್ತದೆ. ನನ್ನ ಬೈಕಿನ ಬಲ ಪೈಪ್ ಮೇಲೂ ಈಗ ತೆಳ್ಳಗೆ ಎಣ್ಣೆಯ ಉಂಗುರ ಕಾಣುತ್ತಿದೆ. ಭಾನುವಾರ ಬಿಚ್ಚಬೇಕು.